ನೋಟಗಾರ್ತಿ ಹೇಳಿದ ಒಂದು ನಿಜ

ಆ ಊರಿಗೆ ಕೆರೆ ಒಂದೇ, ತೂಬು ಒಂದೇ, ತೂಬಿನ ಬೀಗದ ಕೈ ಒಂದೇ. ಬೀಗದ ಕೈ ಯಾರ ಸೊಂಟದಲ್ಲಿ ಇರುತ್ತಿತ್ತೋ ಅವನೇ ಊರಿಗೆ ಯಜಮಾನ. ನೀರು ಮೊದಲು ಯಾವ ಕೇರಿಗೆ, ಕೊನೆಗೆ ಯಾವ ಕೇರಿಗೆ ಎಂದು ಹೇಳುವವನು ಅವನು. ಮಳೆಗಾಲ ಕಳೆದು ಕೆರೆ ತುಂಬಿ ನಿಂತಾಗ ಊರಿನವರು ಯಜಮಾನನನ್ನು ಆರಿಸುತ್ತಿದ್ದರು.

ಆರಿಸುವುದಕ್ಕೆ ಒಂದು ಕಟ್ಟಳೆ ಇತ್ತು. ಯಜಮಾನಿಕೆಗೆ ನಿಂತವನು ಎದುರಾಳಿಯ ಕಡೆಯ ಒಬ್ಬರನ್ನು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ತನ್ನ ಮನೆಯಲ್ಲಿ ಇರಿಸಿಕೊಳ್ಳಬೇಕು. ಅವರಿಗೆ ಮೊದಲು ಬಡಿಸಿ ಆಮೇಲೆ ತಾನು ಉಣ್ಣಬೇಕು. ಯಾವ ಕೋಣೆಯ ಬಾಗಿಲನ್ನೂ ಅವರಿಗೆ ಮುಚ್ಚಬಾರದು. ಹಾಗೆ ಬಂದವರನ್ನು ನೋಟಗಾರರು ಎನ್ನುತ್ತಿದ್ದರು. ಹುಣ್ಣಿಮೆಯ ದಿನ ನೋಟಗಾರರು ಊರ ನಡುವಿನ ಕಟ್ಟೆ ಹತ್ತಿ, ಆ ಮನೆಯಲ್ಲಿದ್ದಾಗ ಕಂಡದ್ದರಲ್ಲಿ ಒಂದನ್ನು ಹೇಳಬೇಕು. ಒಂದೇ ಮಾತು. ಆ ಮಾತು ನಿಜವಾಗಿರಬೇಕು. ಕಟ್ಟೆಯ ಮೇಲೆ ಕಲ್ಲಿನ ದೀಪವೊಂದಿತ್ತು. ಸುಳ್ಳಾಡಿದರೆ ಅದು ಆರಿಹೋಗುತ್ತಿತ್ತು. ಹೇಳಿಸಿಕೊಂಡವನು ಆ ದಿನ ಬಾಯಿ ತೆರೆಯುವಂತಿರಲಿಲ್ಲ.

ಹಿಂದಿನ ಕಾಲದಲ್ಲಿ ನೋಟಗಾರರು ಬೆಳಗಿನಿಂದ ಮಧ್ಯಾಹ್ನದವರೆಗೂ ಹೇಳುತ್ತಿದ್ದರಂತೆ. ಒಳ್ಳೆಯದನ್ನೂ ಹೇಳುತ್ತಿದ್ದರಂತೆ, ಕೆಟ್ಟದ್ದನ್ನೂ. ಜನರಿಗೆ ಬಿಸಿಲು ತಡೆಯಲಾಗಲಿಲ್ಲ. ಒಂದು ಮಾತು ಸಾಕು ಎಂದರು. ಒಂದೇ ಮಾತು ಎಂದ ಮೇಲೆ ಯಾರೂ ಅದನ್ನು ಒಳ್ಳೆಯದಕ್ಕೆ ಖರ್ಚು ಮಾಡಲಿಲ್ಲ.

ತೂಬಿನ ಯಜಮಾನ ಬಹಳ ಕಾಲದಿಂದ ಯಜಮಾನ. ಅವನ ಅಪ್ಪನೂ ಯಜಮಾನನಾಗಿದ್ದ. ಅವನು ಮೇಲಿನ ಕೇರಿಗೆ ಮೊದಲು ನೀರು ಬಿಡುತ್ತಿದ್ದ, ಏಕೆಂದರೆ ಅವನ ಅಪ್ಪ ಹಾಗೆ ಬಿಡುತ್ತಿದ್ದ. ಕೆಳಗಿನ ಕೇರಿಗೆ ಬರುವ ಹೊತ್ತಿಗೆ ಕಾಲುವೆಯಲ್ಲಿ ಕೆಸರೇ ಹೆಚ್ಚು. ಕೆಳಗಿನ ಕೇರಿಯ ಹೆಂಗಸರು ಆ ಕೆಸರನ್ನು ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬುತ್ತಿದ್ದರು.

ಆ ವರ್ಷ ಕೆಳಗಿನ ಕೇರಿಯ ನೇಕಾರ ಅವನ ಎದುರು ನಿಂತ. ನೇಕಾರ ಹೆಚ್ಚು ಮಾತಿನವನಲ್ಲ. "ಒಂದು ವರ್ಷ ಮೇಲಿನವರಿಗೆ ಮೊದಲು, ಒಂದು ವರ್ಷ ಕೆಳಗಿನವರಿಗೆ ಮೊದಲು. ನಾನು ಕೇಳೋದು ಅಷ್ಟೇ" ಎಂದ. ಅಷ್ಟು ಹೇಳಿದ್ದೇ ಸಾಕಾಯಿತು. ಬೆಳಗಿನಲ್ಲಿ ಜನ ಅವನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮೇಲಿನ ಕೇರಿಯವರಲ್ಲೂ ಕೆಲವರು, ಹೇಳುವುದು ನ್ಯಾಯವೇ ತಾನೆ, ಎಂದು ತಮ್ಮೊಳಗೆ ಮಾತಾಡಿಕೊಂಡರು.

ಯಜಮಾನನಿಗೆ ಊಟ ಸೇರದಾಯಿತು. ಅವನು ತನ್ನ ತಂಗಿಯನ್ನು ಕರೆದ. ಅಪ್ಪ ಅಮ್ಮ ಸತ್ತ ಮೇಲೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ಅವಳು ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದಾಗ, ಏನೂ ಕೇಳದೆ ಬಾಗಿಲು ತೆರೆದವನೂ ಅವನೇ.

"ತಂಗಿ, ನಿನ್ನ ಕಣ್ಣು ಚುರುಕು," ಎಂದ. "ನೇಕಾರನ ಮನೆಗೆ ನೀನು ನೋಟಗಾರ್ತಿಯಾಗಿ ಹೋಗು."

"ಅವರ ಅನ್ನ ಉಂಡು ಅವರ ಮೇಲೆ ಹೇಳಬೇಕಲ್ಲ ಅಣ್ಣಾ."

"ಸುಳ್ಳು ಹೇಳು ಅಂತ ನಾನು ಹೇಳಿದೀನಾ? ಕಂಡಿದ್ದನ್ನ ಹೇಳು. ನಿಜ ಹೇಳೋದರಲ್ಲಿ ತಪ್ಪೇನಿದೆ?"

ಅಮಾವಾಸ್ಯೆಯ ಬೆಳಗ್ಗೆ ಒಂದು ಸೀರೆ, ಒಂದು ಬಾಚಣಿಗೆ ಗಂಟುಕಟ್ಟಿಕೊಂಡು ಕೆಳಗಿನ ಕೇರಿಗೆ ಇಳಿದಳು. ಅದೇ ಹೊತ್ತಿಗೆ ಕೆಳಗಿನ ಕೇರಿಯಿಂದ ಗಾಣದ ಮುದುಕ, ನೇಕಾರನ ಕಡೆಯ ನೋಟಗಾರನಾಗಿ, ಅವಳ ಅಣ್ಣನ ಮನೆಗೆ ಏರಿ ಬರುತ್ತಿದ್ದ. ದಾರಿಯಲ್ಲಿ ಇಬ್ಬರೂ ಎದುರಾದರು. ಕಟ್ಟಳೆಯಂತೆ ಮುಖ ತಿರುಗಿಸಿಕೊಂಡು ದಾಟಿಹೋದರು.

ನೇಕಾರನ ಮನೆ ಕೇರಿಯ ಕೊನೆಯದು. ಅದರ ಹಿಂದೆ ಕೆರೆಯ ಏರಿ. ನೂಲಿಗೆ ಗಾಳಿ ತಾಗಬಾರದೆಂದು ನೇಕಾರರ ಮನೆಗಳ ಬಾಗಿಲು ಹಗಲಲ್ಲೂ ಮುಚ್ಚಿರುತ್ತಿದ್ದವು. ಹಾಗಾಗಿ ಆ ಮನೆಯೊಳಗೆ ಏನಿದೆಯೆಂದು ನೆರೆಯವರಿಗೂ ಗೊತ್ತಿರಲಿಲ್ಲ.

ಒಳಗೆ ಒಂದು ಮಗ್ಗ, ಒಬ್ಬ ಮುದುಕಿ. ಮುದುಕಿ ನೇಕಾರನ ತಾಯಿ. ನೋಟಗಾರ್ತಿ ಹೊಸಿಲು ದಾಟುತ್ತಲೇ ಮುದುಕಿ ಎದ್ದು ನಿಂತಳು. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಅವಳ ಮುಖವೆಲ್ಲ ಅರಳಿತು.

"ಬಂದ್ಯಾ ಹೊನ್ನಿ?" ಎಂದಳು. "ಎಷ್ಟೊತ್ತು ಕಾಯಿಸಿದೆ ಮಗಳೇ!"

ನೋಟಗಾರ್ತಿ ನೇಕಾರನ ಕಡೆ ನೋಡಿದಳು. ನೇಕಾರ ನೆಲ ನೋಡಿದ. "ಹೊನ್ನಿ ನನ್ನ ಅಕ್ಕ," ಎಂದ ಮೆಲ್ಲಗೆ. "ಸಣ್ಣವಳಿದ್ದಾಗಲೇ ಕೆರೆಗೆ ಬಿದ್ದು ಹೋದಳು. ಅಮ್ಮನಿಗೆ ವಯಸ್ಸಾದ ಮೇಲೆ ಅದು ಮರೆತುಹೋಗಿದೆ. ಬೇರೆಲ್ಲ ಮರೆತಿದ್ದರೂ ಪರವಾಗಿರಲಿಲ್ಲ."

ಮಾರನೆಯ ಬೆಳಗ್ಗೆ ನೇಕಾರ ತಾಯಿಯ ಕಾಲು ತೊಳೆದ. ಗಂಜಿ ಕುಡಿಸಿದ. ಗೂಟದ ಮೇಲಿಂದ ಅಂಗೈ ಅಗಲದ ಒಂದು ಬಟ್ಟೆಯ ಪಟ್ಟಿ ತೆಗೆದ. ಅದರ ಒಂದು ತುದಿಯನ್ನು ತಾಯಿಯ ನಡುವಿಗೆ ಸುತ್ತಿ, ಇನ್ನೊಂದನ್ನು ಮನೆಯ ನಡುಗಂಬಕ್ಕೆ ಕಟ್ಟಿದ. ನೋಟಗಾರ್ತಿ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಆದರೂ ಕಟ್ಟಿದ.

"ಯಾಕೆ ಕಟ್ತೀಯ?" ಎಂದಳು ಅವಳು.

"ಮಗ್ಗಕ್ಕೆ ಕೂತರೆ ನನಗೆ ಬೇರೆ ಸದ್ದು ಕೇಳಿಸಲ್ಲ ಅಕ್ಕಾ. ಅಷ್ಟರಲ್ಲಿ ಅಮ್ಮ ಎದ್ದು ಕೆರೆಗೆ ಹೋಗಿಬಿಡ್ತಾಳೆ. ಹೊನ್ನೀನ ಕರ್ಕೊಂಡು ಬರ್ತೀನಿ ಅಂತ. ಒಂದು ಸಲ ಕುತ್ತಿಗೆವರೆಗೆ ನೀರಲ್ಲಿ ನಿಂತಿದ್ದಳು."

ನೋಟಗಾರ್ತಿ ಪಟ್ಟಿಯನ್ನು ಮುಟ್ಟಿ ನೋಡಿದಳು. ಹಳೆಯ ಸೀರೆಯ ಸೆರಗಿಗಿಂತ ಮೃದುವಾಗಿತ್ತು. ಅದನ್ನು ಅವನೇ ನೇಯ್ದಿದ್ದ, ಮೈ ಉಜ್ಜಬಾರದೆಂದು ಗಂಜಿ ಹಾಕದ ನೂಲಿನಲ್ಲಿ. ಒಲೆಯವರೆಗೆ, ಹಿತ್ತಲ ಬಾಗಿಲವರೆಗೆ, ಬಿಸಿಲು ಬೀಳುವ ಮೂಲೆಯವರೆಗೆ ಮುದುಕಿ ಓಡಾಡುವಷ್ಟು ಉದ್ದವಿತ್ತು.

ಆ ದಿನ ಮಧ್ಯಾಹ್ನ ನೋಟಗಾರ್ತಿಯೇ ಗಂಟು ಬಿಚ್ಚಿದಳು. "ನಾನಿರ್ತೀನಲ್ಲ, ನೋಡ್ಕೋತೀನಿ" ಎಂದಳು. ಹೊನ್ನಿ ಮನೆಯಲ್ಲೇ ಇರುವಾಗ ಮುದುಕಿಗೆ ಕೆರೆಯ ನೆನಪೇ ಆಗಲಿಲ್ಲ. ಅವಳು ನೋಟಗಾರ್ತಿಯ ತಲೆ ಬಾಚಿದಳು, ಹೇನು ಹುಡುಕಿದಳು, ತನ್ನ ತಟ್ಟೆಯ ತುತ್ತು ತೆಗೆದು ಅವಳ ಬಾಯಿಗಿಟ್ಟಳು. ಮಗ್ಗ ಸದ್ದು ಮಾಡುತ್ತಿತ್ತು. ಮುದುಕಿ ಆ ಸದ್ದಿನ ಕೆಳಗೆ ಗುಟ್ಟು ಹೇಳುವವಳಂತೆ ಮಾತಾಡುತ್ತಲೇ ಇರುತ್ತಿದ್ದಳು. ನೋಟಗಾರ್ತಿಗೆ ತಾನು ಯಾಕೆ ಬಂದೆನೆಂಬುದು ಕೆಲವು ಗಳಿಗೆ ಮರೆತುಹೋಗುತ್ತಿತ್ತು. ತನ್ನ ತಾಯಿಯ ಮುಖ ಅವಳಿಗೆ ನೆನಪಿರಲಿಲ್ಲ. ಯಾರಾದರೂ ತನ್ನ ತಲೆ ಬಾಚಿದ್ದೂ ನೆನಪಿರಲಿಲ್ಲ.

ಚಂದ್ರ ತುಂಬುತ್ತ ಬಂದ. ಹುಣ್ಣಿಮೆಯ ಹಿಂದಿನ ಸಂಜೆ ಅವಳು ಗಂಟು ಕಟ್ಟಿಕೊಂಡಳು. ಕಟ್ಟೆಯ ಮೇಲೆ ಏನು ಹೇಳುತ್ತೀಯೆಂದು ನೇಕಾರ ಕೇಳಲಿಲ್ಲ. ಹಾಗೆ ಕೇಳುವಂತಿರಲಿಲ್ಲ. "ಅಮ್ಮನಿಗೆ ಹೇಳಿ ಹೋಗು ಅಕ್ಕಾ" ಎಂದಷ್ಟೇ ಅಂದ.

"ಹೋಗಿ ಬರ್ತೀನಮ್ಮ" ಎಂದಳು ಅವಳು.

"ಬೇಗ ಬಾ" ಎಂದಳು ಮುದುಕಿ.

ಅಣ್ಣ ದೀಪ ಹಚ್ಚಿಕೊಂಡು ಜಗುಲಿಯಲ್ಲಿ ಕಾಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಕೆರೆಗೆ ಬಿದ್ದ ಮಗಳ ಕತೆ, ಕಾಲು ತೊಳೆಯುವುದು, ಗಂಜಿ ಹಾಕದ ನೂಲು, ಮಗ್ಗದ ಸದ್ದು. ಅಣ್ಣ ತಲೆ ತಗ್ಗಿಸಿ ಕೇಳಿದ. ಅವಳು ಮುಗಿಸಿದಾಗ ಅವನ ಕಣ್ಣೂ ಒದ್ದೆಯಾಗಿತ್ತು. ಒರೆಸಿಕೊಂಡ. ಆಮೇಲೆ ಕೇಳಿದ:

"ತಾಯಿಯನ್ನ ಕಂಬಕ್ಕೆ ಕಟ್ತಾನೆ. ಅಲ್ವಾ?"

"ಕಟ್ತಾನೆ ಅಣ್ಣಾ. ಆದರೆ..."

"ಕಟ್ತಾನೋ ಇಲ್ಲವೋ?"

"ಕಟ್ತಾನೆ."

"ಅಷ್ಟು ಹೇಳು. ಉಳಿದಿದ್ದು ಬೇಡ."

"ಅಷ್ಟೇ ಹೇಳಿದರೆ ಅದು ಬೇರೆಯೇ ಆಗುತ್ತಲ್ಲ."

"ಒಂದೇ ಮಾತು ಅಂತ ಕಟ್ಟಳೆ ಮಾಡಿದವನು ನಾನಲ್ಲ," ಎಂದ ಅಣ್ಣ. ಸೊಂಟದ ಬೀಗದ ಕೈಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. "ನನಗೆ ಬೇರೆ ಕೆಲಸ ಬರಲ್ಲ ತಂಗಿ. ಇದನ್ನ ಬಿಚ್ಚಿಕೊಟ್ಟರೆ ನಾನು ಯಾರು? ನಿನ್ನ ಹತ್ರ ಇದುವರೆಗೂ ಏನೂ ಕೇಳಿಲ್ಲ. ಇದೊಂದು ಕೇಳ್ತಿದೀನಿ."

ಅವಳು ಮಲಗಿದಳು, ನಿದ್ದೆ ಬರಲಿಲ್ಲ. ಕೊನೆಗೆ ಒಂದು ಯೋಚನೆ ಬಂತು. ನಾನು ಆ ಮಾತು ಹೇಳಿದ ಕೂಡಲೇ ಯಾರಾದರೂ ಯಾಕೆ ಎಂದು ಕೇಳುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಕಟ್ಟಳೆಯಲ್ಲಿ ಇಲ್ಲ. ಆಗ ಎಲ್ಲ ಹೇಳಿಬಿಡುತ್ತೇನೆ. ಇಡೀ ಊರು ನೆರೆದಿರುತ್ತದೆ, ಒಬ್ಬರಾದರೂ ಕೇಳದೆ ಇರುತ್ತಾರಾ? ಹೀಗೆಂದುಕೊಂಡ ಮೇಲೆ ಕಣ್ಣು ಹತ್ತಿತು.

ಹುಣ್ಣಿಮೆಯ ಬೆಳಗ್ಗೆ ಕಟ್ಟೆಯ ಸುತ್ತ ಜನ ಕಿಕ್ಕಿರಿದರು. ಕಟ್ಟೆಯ ಕೆಳಗೆ ಎರಡು ಹಂಡೆ ಇಟ್ಟಿದ್ದರು, ಒಂದು ಯಜಮಾನನದು, ಒಂದು ನೇಕಾರನದು. ನೋಟಗಾರರ ಮಾತು ಮುಗಿದ ಮೇಲೆ ಪ್ರತಿಯೊಬ್ಬರೂ ಏರಿಯಿಂದ ದೂರವಿದ್ದ ಕೆರೆಯ ಮೂಡಣ ಮೆಟ್ಟಿಲಿನಿಂದ ಬೊಗಸೆ ನೀರು ತಂದು ತಮಗೆ ಬೇಕಾದವನ ಹಂಡೆಗೆ ಸುರಿಯಬೇಕು. ನೀರು ಅಳೆದು ಮುಗಿಯುವವರೆಗೆ ನಿಂತವರಿಬ್ಬರೂ ತಮ್ಮ ತಮ್ಮ ಹಂಡೆಯ ಪಕ್ಕ ಕದಲದೆ ನಿಂತಿರಬೇಕು.

ಮೊದಲು ಗಾಣದ ಮುದುಕ ಕಟ್ಟೆ ಹತ್ತಿದ. ಅಡುಗೆಮನೆಯಲ್ಲಿ ಕಂಡದ್ದನ್ನು ಎತ್ತಬೇಡ, ತೂಬಿನಲ್ಲಿ ಕಂಡದ್ದನ್ನು ಹೇಳು ಎಂದು ನೇಕಾರ ಅವನಿಗೆ ಮೊದಲೇ ಹೇಳಿದ್ದ. ಮುದುಕ ಗಂಟಲು ಸರಿಮಾಡಿಕೊಂಡು, "ಕೆಳಗಿನ ಕೇರಿಗೆ ಅಂತ ಮೀಸಲಿಟ್ಟ ನೀರನ್ನ ಯಜಮಾನ ತನ್ನ ತೋಟಕ್ಕೆ ತಿರುಗಿಸೋದನ್ನ ಕಂಡೆ" ಎಂದ. ದೀಪ ನೆಟ್ಟಗೆ ಉರಿಯಿತು. ಜನ ಆಕಳಿಸಿದರು. ಅದು ಎಲ್ಲರಿಗೂ ಗೊತ್ತಿದ್ದದ್ದೇ. "ಇದನ್ನ ಹೇಳೋಕೆ ಇಷ್ಟು ದಿನ ಅಲ್ಲಿ ಉಂಡನಾ?" ಎಂದು ಯಾರೋ ನಕ್ಕರು.

ಆಮೇಲೆ ನೋಟಗಾರ್ತಿ ಹತ್ತಿದಳು. ದೀಪದ ಎದುರು ನಿಂತಳು. ನೇಕಾರ ಅವಳನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ನೇಕಾರ ತನ್ನ ತಾಯಿಯನ್ನ ಕಂಬಕ್ಕೆ ಕಟ್ಟೋದನ್ನ ಕಂಡೆ," ಎಂದಳು.

ದೀಪ ಅಲುಗಲಿಲ್ಲ. ಅವಳು ಕಟ್ಟೆಯಿಂದ ಇಳಿಯದೆ ಅಲ್ಲೇ ನಿಂತಳು. ಜನರ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರಾದರೂ ಕೇಳಲಿ ಎಂದು ಕಾದಳು. ಆಮೇಲೆ ಹೆಂಗಸೊಬ್ಬಳು ಎದೆಗೆ ಕೈಯಿಟ್ಟುಕೊಂಡು "ಅಯ್ಯೋ!" ಎಂದಳು. ಆ ಅಯ್ಯೋ ಜನರ ನಡುವೆ ಬೆಂಕಿಯಂತೆ ಹಬ್ಬಿತು. ಹೆತ್ತವಳನ್ನಾ? ಕಂಬಕ್ಕಾ? ದನ ಕಟ್ಟಿದ ಹಾಗಾ? ಎಲ್ಲರೂ ಮಾತಾಡಿದರು. ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಅವಳು ಬಾಯಿ ತೆರೆದಳು. ಆ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಕಟ್ಟೆಯ ಕಾವಲಿನವನು ಅವಳ ಮೊಣಕೈ ಹಿಡಿದು, "ನಿನ್ನ ಮಾತು ಆಯಿತು, ಇಳಿಯಮ್ಮ" ಎಂದ.

ಬೊಗಸೆ ನೀರು ಬಂತು. ಕೆಳಗಿನ ಕೇರಿಯವರೂ, ನಿನ್ನೆಯವರೆಗೆ ನೇಕಾರನ ಬಾಗಿಲಿಗೆ ಬರುತ್ತಿದ್ದವರೂ, ಅವನ ಹಂಡೆಯ ಹತ್ತಿರ ಬಂದು ಅವನ ಮುಖ ನೋಡಿ ಬೆರಳು ಸಡಿಲಿಸಿ ನೀರನ್ನು ನೆಲಕ್ಕೆ ಬಿಟ್ಟರು. ಹಂಡೆಯ ಸುತ್ತ ಕೆಸರಾಯಿತು. ನೇಕಾರ ಆ ಕೆಸರಿನಲ್ಲಿ ನಿಂತಿದ್ದ. ಬಾಯಿ ತೆರೆಯುವಂತಿಲ್ಲ, ಕದಲುವಂತಿಲ್ಲ. ಗಾಣದ ಮುದುಕ ಒಬ್ಬನೇ ಅವನ ಹಂಡೆಗೆ ನೀರು ಸುರಿದು ಪಕ್ಕದಲ್ಲಿ ಕೂತ.

ಅಷ್ಟರಲ್ಲಿ ಯಾರೋ ಅಂದರು, "ಇಲ್ಲಿ ನಿಂತು ಏನು ಮಾಡ್ತಿದೀವಿ? ಪಾಪದ ಮುದುಕಿ ಈಗಲೂ ಕಟ್ಟಿಸಿಕೊಂಡು ಕೂತಿರ್ತಾಳೆ!"

ಒಂದು ಗುಂಪು ಕೆಳಗಿನ ಕೇರಿಗೆ ಓಡಿತು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಹೆಂಗಸರು ಅಳುತ್ತಲೇ ಹೋದರು. ಬಾಗಿಲು ತಳ್ಳಿದರು. ಮುದುಕಿ ಬಿಸಿಲಿನ ಮೂಲೆಯಲ್ಲಿ ಕೂತಿದ್ದಳು. ಇಷ್ಟು ಜನರನ್ನು ಒಟ್ಟಿಗೆ ಕಂಡು ಹೆದರಿ ಗೋಡೆಗೆ ಒರಗಿದಳು. ಒಬ್ಬಳು ಅವಳನ್ನು ತಬ್ಬಿಕೊಂಡಳು. ಒಬ್ಬಳು ಹಣೆಗೆ ಕುಂಕುಮವಿಟ್ಟಳು. ಒಬ್ಬ ಕುಡುಗೋಲಿನಿಂದ ಪಟ್ಟಿಯನ್ನು ಕತ್ತರಿಸಿದ.

"ಇನ್ನು ನಿನ್ನ ಯಾರೂ ಕಟ್ಟಲ್ಲಮ್ಮ. ಎಲ್ಲಿಗೆ ಬೇಕಾದರೂ ಹೋಗು. ಯಾರು ತಡೀತಾರೋ ನೋಡ್ತೀವಿ."

"ಹೊನ್ನಿ ಎಲ್ಲಿ?" ಎಂದಳು ಮುದುಕಿ.

ಎಷ್ಟೋ ವರ್ಷದ ಹಿಂದೆ ಹೋದ ಹೊನ್ನಿ ಅವರಲ್ಲಿ ಯಾರಿಗೂ ನೆನಪಿರಲಿಲ್ಲ. ಅವತ್ತು ಊರಿಗೆ ಊರೇ ನೀರು ತರಲು ಕೆರೆಗೆ ಹೋಗುತ್ತಿತ್ತು. ಸಮಾಧಾನಕ್ಕೆಂದು ಒಬ್ಬಳು, "ಕೆರೆ ಹತ್ರ ಇರಬೇಕು, ಬರ್ತಾಳೆ ಬಿಡಮ್ಮ" ಎಂದಳು. ಕತ್ತರಿಸಿದ ಪಟ್ಟಿಯನ್ನು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದುಕೊಂಡು ಅವರೆಲ್ಲ ಹೊರಟರು. ನೀರು ಅಳೆಯುವುದನ್ನು ನೋಡಲು ಕಟ್ಟೆಗೆ ಮರಳಬೇಕಿತ್ತು. ಬಾಗಿಲು ತೆರೆದೇ ಇತ್ತು.

ಪಟ್ಟಿಯನ್ನು ತಂದು ನೇಕಾರನ ಕಾಲ ಬಳಿ ಎಸೆದರು. ಅವನು ಅದನ್ನು ನೋಡಿದ. ಕಟ್ಟಳೆ ಮುರಿದು ಬಾಯಿ ತೆರೆದ.

"ಅಮ್ಮ ಎಲ್ಲಿ?"

"ಬಿಡಿಸಿದೀವಿ," ಎಂದರು ಅವರು. "ಇನ್ನು ನಿನ್ನ ಕೈಗೆ ಸಿಗಲ್ಲ."

ನೇಕಾರ ಓಡಿದ. ಕದಲಿದ, ಕದಲಿದ, ಸೋತ ಎಂದು ಹಿಂದಿನಿಂದ ಕೂಗಿದರು. ಅವನ ಹಿಂದೆ ನೋಟಗಾರ್ತಿ ಓಡಿದಳು. ಅವನು ಎಲ್ಲಿಗೆ ಓಡುತ್ತಿದ್ದಾನೆಂದು, ಅಣ್ಣನನ್ನು ಬಿಟ್ಟರೆ, ಆ ಊರಿನಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಓಡುತ್ತ ಓಡುತ್ತ "ಅಮ್ಮಾ, ನಾನು ಇಲ್ಲಿದೀನಿ! ಹೊನ್ನಿ ಇಲ್ಲಿದೀನಿ!" ಎಂದು ಕೂಗಿದಳು. ಏರಿಯ ಮೇಲೆ ಯಾರೂ ಇರಲಿಲ್ಲ. ಕೆರೆ ತುಂಬಿ ನಿಂತಿತ್ತು, ಎಲ್ಲೂ ಒಂದು ಅಲೆಯಿಲ್ಲ.

ಮುದುಕಿ ಸಿಕ್ಕಿದಾಗ ಹೊತ್ತು ಇಳಿಯುತ್ತಿತ್ತು. ತೂಬಿನ ಕಲ್ಲಿಗೆ ಅವಳ ಸೆರಗು ಸಿಕ್ಕಿಕೊಂಡಿತ್ತು. ನೇಕಾರ ಅವಳನ್ನು ಎತ್ತಿದ. ಒದ್ದೆ ಸೀರೆಯ ಭಾರಕ್ಕೆ ಒಬ್ಬನಿಗೇ ಆಗಲಿಲ್ಲ. "ಕಾಲು ಹಿಡಿದುಕೋ" ಎಂದ. ನೋಟಗಾರ್ತಿ ಹಿಡಿದುಕೊಂಡಳು. ಇಬ್ಬರೂ ಏರಿ ಹತ್ತಿದರು. ಕಟ್ಟೆಯ ಕಡೆಯಿಂದ ಡೋಲಿನ ಸದ್ದು ಬರುತ್ತಿತ್ತು. ಅವಳ ಅಣ್ಣ ಗೆದ್ದಿದ್ದ.

ಹೆಣವನ್ನು ಜಗುಲಿಯ ಮೇಲೆ ಮಲಗಿಸಿ ನೇಕಾರ ಹಣೆಯಲ್ಲಿ ಉಳಿದಿದ್ದ ಕುಂಕುಮದ ಕಲೆ ಒರೆಸಿದ. "ನೀನು ಹೇಳಿದ್ದು ನಿಜ," ಎಂದ, ಅವಳ ಕಡೆ ನೋಡದೆ. "ನಾನು ಕಟ್ತಿದ್ದೆ." ಆಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ಸುದ್ದಿ ಊರಿಗೆ ಗೊತ್ತಾಯಿತು. ಜನ ಮರುಗಿದರು. ಕೊನೆಗಾಲದಲ್ಲಾದರೂ ಬಿಡುಗಡೆಯಾಯಿತಲ್ಲ ಎಂದರು ಕೆಲವರು. ನೋಟಗಾರ್ತಿ ಮರುದಿನ ಕಟ್ಟೆ ಹತ್ತಿ ಉಳಿದದ್ದನ್ನು ಹೇಳಲು ನಿಂತಳು. ಕೇಳುವವರು ಯಾರೂ ಇರಲಿಲ್ಲ, ಹಂಡೆಗಳನ್ನು ತೊಳೆದು ಕವುಚಿ ಹಾಕಿದ್ದರು. ಅವಳು ಮನೆಮನೆಗೆ ಹೋದಳು. ಕೂರಿಸಿ ಮಜ್ಜಿಗೆ ಕೊಟ್ಟರು. ಕಾಲು ತೊಳೆಯುವವರೆಗೆ ಕೇಳಿದರು, ಮೃದುವಾದ ನೂಲಿನವರೆಗೆ ಕೇಳಿದರು, "ಪಾಪ" ಎಂದರು. ಆಮೇಲೆ ಒಲೆಯ ಮೇಲೆ ಏನೋ ಇದೆಯೆಂದು ಎದ್ದರು. ಪಟ್ಟಿ ಕತ್ತರಿಸಿದವನ ಮನೆಯಲ್ಲಿ ಅವಳಿಗೆ ಬಾಗಿಲೇ ತೆಗೆಯಲಿಲ್ಲ.

ಅಣ್ಣನ ಮನೆಯ ಅನ್ನ ಅವಳಿಗೆ ಇಳಿಯಲಿಲ್ಲ. "ನಾನೇನು ಮುದುಕೀನ ಕೆರೆಗೆ ತಳ್ಳಿದೆನಾ?" ಎಂದು ಅವನು ಒಂದು ದಿನ ಕೂಗಾಡಿದ. ಮರುದಿನ ಅವಳ ಪಕ್ಕ ಕೂತು ಅತ್ತ. ಆದರೂ ನೀರು ಮೇಲಿನ ಕೇರಿಗೇ ಮೊದಲು ಹೋಯಿತು. ಅವಳು ಆ ಮನೆ ಬಿಟ್ಟು ಊರ ಹೊರಗಿನ ಒಂದು ಪಾಳು ಗುಡಿಸಲಿಗೆ ಹೋದಳು. ಪಕ್ಕದ ಊರಿನಲ್ಲೂ ಅದೇ ಕಟ್ಟಳೆ ಇತ್ತು. ಅಲ್ಲಿ ಯಜಮಾನಿಕೆಗೆ ನಿಂತವನೊಬ್ಬ ಹಣ್ಣು ಹೂವು ಹಿಡಿದುಕೊಂಡು ಹುಡುಕಿ ಬಂದ. "ಒಂದೇ ಮಾತಿನಲ್ಲಿ ಇಡೀ ಊರನ್ನೇ ತಿರುಗಿಸಿದಿರಂತೆ ತಾಯಿ. ನಮ್ಮ ಕಡೆಗೂ ನೀವೇ ಬರಬೇಕು," ಎಂದು ಕೈಮುಗಿದ. ಅವನ ಕಣ್ಣಿನಲ್ಲಿ ಭಕ್ತಿ ಇತ್ತು. ಅವಳು ಹಣ್ಣನ್ನು ಮುಟ್ಟಲಿಲ್ಲ. ಅವನು ಹೋದ ಮೇಲೆ ಎದ್ದು ಕೆಳಗಿನ ಕೇರಿಗೆ ನಡೆದಳು.

ನೇಕಾರನ ಬಾಗಿಲು ಅರೆತೆರೆದಿತ್ತು. ಮಗ್ಗದ ಮೇಲೆ ನೂಲಿರಲಿಲ್ಲ. ಅವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ಅವಳು ಹೊಸಿಲಾಚೆ ನಿಂತಳು.

"ಏನು ಬೇಕು?" ಎಂದ.

ಕ್ಷಮಿಸು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. "ಏನೂ ಬೇಡ," ಎಂದಳು.

ಹೋಗು ಎಂದು ಅವನು ಹೇಳಲಿಲ್ಲ. "ಅಮ್ಮ ನಿನ್ನ ಹತ್ರ ದಿನವೆಲ್ಲ ಮಾತಾಡ್ತಿದ್ದಳು," ಎಂದ. "ಈ ಮಗ್ಗದ ಸದ್ದಿಗೆ ನನಗೆ ಒಂದೂ ಕೇಳಿಸಲಿಲ್ಲ. ಏನು ಮಾತಾಡ್ತಿದ್ದಳು?"

ಅವಳು ಹೊಸಿಲ ಹೊರಗೇ ಕೂತಳು. ಹೇಳತೊಡಗಿದಳು. ಮುದುಕಿ ಚಿಕ್ಕವಳಿದ್ದಾಗ ತವರಿನಲ್ಲಿ ಸಾಕಿದ ಬಿಳಿ ಆಡಿನ ಮಾತು, ಮದುವೆಯ ದಿನ ಸೀರೆಯ ಬಣ್ಣ ಬಿಟ್ಟು ಮೈಯೆಲ್ಲ ಕೆಂಪಾದ ಮಾತು, ಹೊನ್ನಿ ಹುಟ್ಟಿದಾಗ ತಲೆತುಂಬ ಕೂದಲಿದ್ದ ಮಾತು. ನೇಕಾರ ಇದ್ಯಾವುದನ್ನೂ ಕೇಳಿರಲಿಲ್ಲ.

"ನಿನ್ನ ಮಾತೂ ಆಡ್ತಿದ್ದಳು," ಎಂದಳು ನೋಟಗಾರ್ತಿ. "ಒಂದಿನ ನನ್ನ ತಲೆ ಬಾಚುತ್ತ, ಬಗ್ಗಿ ಕಿವಿಯಲ್ಲಿ ಹೇಳಿದಳು. 'ಹೊನ್ನಿ, ನಿನ್ನ ತಮ್ಮ ಕಟ್ಟೋ ಗಂಟು ಬಿಚ್ಚೋಕೆ ನನಗೆ ಬರುತ್ತೆ ಕಣೇ. ಅವನಿಗೆ ಹೇಳಬೇಡ. ಬಿಚ್ಚಿದರೆ ಮಗು ಹೆದರಿಕೊಳ್ಳುತ್ತೆ. ಅದಕ್ಕೇ ಸುಮ್ಮನೆ ಕೂತಿರ್ತೀನಿ' ಅಂದಳು."

ನೇಕಾರ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ತಾಯಿಯನ್ನು ನೀರಿನಿಂದ ಎತ್ತಿದ ದಿನವೂ ಅವನು ಅತ್ತಿರಲಿಲ್ಲ. ಅವಳು ಮಾತು ನಿಲ್ಲಿಸಿ, ಅಂಗಳದಲ್ಲಿ ಒಣಗುತ್ತಿದ್ದ ಪಕ್ಕದ ಮನೆಯ ಬಟ್ಟೆಗಳನ್ನು ನೋಡುತ್ತ ಕೂತಳು. ಎದ್ದು ಹೋಗಬೇಕೋ ಏನೋ ಎಂದು ತಿಳಿಯದೆ ನೆಲಕ್ಕೆ ಕೈಯೂರಿದಳು.

"ಕೂತುಕೋ," ಎಂದ ಅವನು, ಮುಖದಿಂದ ಕೈ ತೆಗೆಯದೆ. "ಮತ್ತೆ ಏನಂದಳು?"